ಲಾಗ್‌ಬುಕ್ಕಿನ ರಟ್ಟಿನೊಳಗೆ ಮೂರು ತಂತಿ

ಪಿತೃಪಕ್ಷದ ಅಮಾವಾಸ್ಯೆಗೆ ಇನ್ನು ಹತ್ತು ದಿನ ಇರುವಾಗ ಚಿಕ್ಕಮ್ಮ ನಮ್ಮ ಮನೆಗೆ ಬಂದರು. ಚಿಂತಾಮಣಿಯಿಂದ ಮುರುಗಮಲ್ಲದ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ಊರು. ಮನೆ ಮುಂದೆ ಬಾಡಿಗೆ ಕಾರು ನಿಂತು, ಎಪ್ಪತ್ತು ದಾಟಿದ ಹೆಂಗಸೊಬ್ಬರು ಬಟ್ಟೆಯ ಚೀಲವನ್ನು ಎದೆಗೆ ಅವಚಿಕೊಂಡು ಇಳಿದದ್ದು ನೋಡಿದ ಕೂಡಲೇ ನನಗೆ ಬಂದ ಮೊದಲ ಯೋಚನೆ, ಬಂದರಲ್ಲ ಜಮೀನು ಕೇಳೋಕೆ, ಅಂತ.

ನನ್ನ ಬುದ್ಧಿಯೇ ಹಾಗೆ. ಮೂವತ್ತು ವರ್ಷಕ್ಕೂ ಮೇಲೆ ನೋಂದಣಿ ಕಚೇರಿಗಳಲ್ಲಿ ಗುಮಾಸ್ತನಾಗಿದ್ದವನು ನಾನು. ಗೌರಿಬಿದನೂರು, ಶಿಡ್ಲಘಟ್ಟ, ಕೊನೆಗೆ ಚಿಕ್ಕಬಳ್ಳಾಪುರ. ಅಂಥ ಕಡೆ ಕೂತವನಿಗೆ ಅಣ್ಣತಮ್ಮಂದಿರು ಒಂದೇ ಬೈಕಿನಲ್ಲಿ ಬಂದರೂ ಅನುಮಾನ, ಬೇರೆ ಬೇರೆ ಬಸ್ಸಿನಲ್ಲಿ ಬಂದರೂ ಅನುಮಾನ. ನನ್ನ ಹೆಂಡತಿ ಹೇಳುವ ಪ್ರಕಾರ ನಾನು ಕಾಫಿ ಕೊಟ್ಟರೆ ಲೋಟದ ತಳ ನೋಡಿ ಕುಡಿಯುವ ಆಸಾಮಿ. ನಿವೃತ್ತನಾಗಿ ನಾಲ್ಕು ವರ್ಷವಾದರೂ ಆ ಚಾಳಿ ಬಿಟ್ಟಿಲ್ಲ.

ಚಿಕ್ಕಮ್ಮ ಎಂದರೆ ನನ್ನ ತಂದೆಯ ತಮ್ಮನ ಹೆಂಡತಿ. ಚಿಕ್ಕಪ್ಪ ವಾಯುಪಡೆಯಲ್ಲಿ ಪೈಲಟ್ ಆಗಿದ್ದವರು. ನಿವೃತ್ತಿಯಾದ ಮೇಲೆ ಯಲಹಂಕದ ಹತ್ತಿರ ಮನೆ ಮಾಡಿಕೊಂಡಿದ್ದರು. ಹೋದ ವರ್ಷ ತೀರಿಕೊಂಡರು. ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ. ಹೋಗದೇ ಇರುವುದಕ್ಕೆ ನಮ್ಮಲ್ಲಿ ಒಂದು ಕಾರಣ ಇತ್ತು, ಅದು ನಮ್ಮ ಸುತ್ತಿನ ನಾಲ್ಕು ಊರಿಗೂ ಗೊತ್ತಿದ್ದ ಕಾರಣ. ಹೆತ್ತ ತಾಯಿ ಸತ್ತಾಗ ಆ ಮನುಷ್ಯ ಬಂದಿರಲಿಲ್ಲ. ನಮ್ಮಲ್ಲಿ ತಂದೆಗೆ ಹಿರಿ ಮಗ, ತಾಯಿಗೆ ಕಿರಿ ಮಗ ಬೆಂಕಿ ಇಡಬೇಕು. ಅಂಚೆ ಕಚೇರಿಗೆ ಓಡಿ ತಂತಿ ಕೊಟ್ಟು, ಹೆಣ ಇಟ್ಟುಕೊಂಡು, ಮಾರನೆಯ ದಿನ ಇಳಿಹೊತ್ತಿನವರೆಗೂ ಬಸ್ಸು ಬಸ್ಸು ನೋಡಿ, ಕೊನೆಗೆ ಅಪ್ಪನೇ ಬೆಂಕಿ ಇಟ್ಟ. ನಾನಾಗ ಹೈಸ್ಕೂಲಿನಲ್ಲಿದ್ದೆ. ಸ್ಮಶಾನದಿಂದ ಬಂದ ಅಪ್ಪ ಜಗುಲಿಯ ಮೇಲೆ ಕೂತು, "ನನಗೆ ತಮ್ಮ ಅನ್ನೋನು ಇಲ್ಲ" ಅಂದದ್ದನ್ನು ನಾನೇ ಕೇಳಿದ್ದೇನೆ.

ಚಿಕ್ಕಮ್ಮ ನೀರು ಕುಡಿದರು, ಕಾಫಿ ಬೇಡ ಎಂದರು. ಅವರು ಮಂಗಳೂರು ಕಡೆಯವರು. ಚಿಕ್ಕಪ್ಪ ಇದ್ದ ಕ್ಯಾಂಪಿನ ಶಾಲೆಯಲ್ಲಿ ಟೀಚರ್ ಆಗಿದ್ದರಂತೆ. ನಮ್ಮ ಜನವೂ ಅಲ್ಲ, ನಮ್ಮ ಸೀಮೆಯೂ ಅಲ್ಲ. ಮನೆಯಲ್ಲಿ ಅದು ಇನ್ನೊಂದು ಮುನಿಸು.

"ನನಗೆ ಏನೂ ಬೇಡ," ಎಂದರು. ಏನೂ ಬೇಡ ಎನ್ನುವವರನ್ನು ಕಂಡರೆ ನನಗೆ ಮೊದಲೇ ಆಗುವುದಿಲ್ಲ. "ಅಮಾವಾಸ್ಯೆ ದಿನ ನೀವು ಹಿರಿಯರಿಗೆ ಎಡೆ ಇಡ್ತೀರಲ್ಲ. ಅವರ ಅಪ್ಪ ಅಮ್ಮನ ಎಡೆಯ ಪಕ್ಕದಲ್ಲಿ ಅವರಿಗೂ ಒಂದು ಎಡೆ ಇಡಿ. ಅಷ್ಟೇ ಕೇಳ್ಲಿಕ್ಕೆ ಬಂದದ್ದು."

ಒಳಕೋಣೆಯ ಬಾಗಿಲಲ್ಲಿ ನಮ್ಮಮ್ಮ ನಿಂತಿದ್ದಳು. ಎಂಬತ್ತೈದು ದಾಟಿದೆ, ಕಿವಿ ಮಾತ್ರ ಹಾವಿನ ಕಿವಿ. ನಾನು ಆ ಕಡೆ ನೋಡಿದ ಕೂಡಲೇ ಒಳಗೆ ಸರಿದಳು.

ನಾನು ಕಾಗದ ಓದಿದ ಹಾಗೆ ಹೇಳಿದೆ: "ಎಡೆ ಮನೆಯ ಹಿರಿಯರಿಗೆ ಇಡೋದು ಚಿಕ್ಕಮ್ಮ. ಮನೆ ಬಿಟ್ಟೋರಿಗೆ ಅಲ್ಲ."

ಅವರು ಸಿಟ್ಟಾಗಲಿಲ್ಲ. ಚೀಲದಿಂದ ಒಂದು ಪುಸ್ತಕ ತೆಗೆದು ನನ್ನ ಮುಂದೆ ಇಟ್ಟರು. ನೀಲಿ ಬಟ್ಟೆಯ ರಟ್ಟು, ಉದ್ದಕ್ಕಿಂತ ಅಗಲ ಹೆಚ್ಚು, ಮೂಲೆಗಳು ಸವೆದು ನಾರು ಎದ್ದಿತ್ತು. "ಇದು ಅವರ ಲಾಗ್‌ಬುಕ್. ಹಾರಿದ್ದೆಲ್ಲ ಇದರಲ್ಲಿ ಬರೆದಿದ್ದಾರೆ. ನೀವು ಕಾಗದಪತ್ರ ಓದ್ಲಿಕ್ಕೆ ಗೊತ್ತಿರುವವರು. ಪೂರ್ತಿ ಓದಿ. ಆಮೇಲೂ ಇಡೋದಿಲ್ಲ ಅಂತಾದರೆ ನಾನು ಮತ್ತೆ ಕೇಳೋದಿಲ್ಲ," ಎಂದು ಫೋನ್ ನಂಬರ್ ಬರೆದುಕೊಟ್ಟು ಹೊರಟರು.

ಇದರಲ್ಲಿ ಏನೋ ಇದೆ ಎಂದು ನನಗೆ ಖಾತ್ರಿಯಾಯಿತು. ಹೇಳಬೇಕಾದ್ದನ್ನು ಬಾಯಲ್ಲಿ ಹೇಳದೆ ದಾಖಲೆ ಮುಂದಿಟ್ಟು ಹೋಗುವವರು ಸಾಮಾನ್ಯರಲ್ಲ. ಮೊದಲು ಒಂದೊಂದು ಹಾಳೆಯನ್ನೂ ಬಿಸಿಲಿಗೆ ಹಿಡಿದೆ. ಎಲ್ಲಾದರೂ ಕೆರೆದು ತಿದ್ದಿದ್ದಾರಾ, ಹೊಲಿಗೆ ಬಿಚ್ಚಿ ಹಾಳೆ ಸೇರಿಸಿದ್ದಾರಾ, ಹಳೆಯ ತಾರೀಕಿನ ಮೇಲೆ ಹೊಸ ಶಾಯಿ ಇದೆಯಾ. ಏನೂ ಇರಲಿಲ್ಲ. ಪುಸ್ತಕ ಅಸಲಿ.

ಓದುವ ಕ್ರಮ ಅರ್ಥವಾಗಲು ಒಂದು ಮಧ್ಯಾಹ್ನ ಹಿಡಿಯಿತು. ಒಂದು ಸಾಲಿಗೆ ಒಂದು ಹಾರಾಟ. ತಾರೀಕು, ವಿಮಾನದ ಜಾತಿ, ಅದರ ನಂಬರು, ನಡೆಸಿದವರು ಯಾರು, ಜೊತೆಗಿದ್ದವರು ಯಾರು, ಯಾವ ಕೆಲಸಕ್ಕೆ, ಎಷ್ಟು ಹೊತ್ತು. ತಾನೇ ನಡೆಸಿದ್ದರೆ ಹೆಸರಿನ ಜಾಗದಲ್ಲಿ "ಸೆಲ್ಫ್". ಕತ್ತಲಲ್ಲಿ ಹಾರಿದ್ದು ಕೆಂಪು ಶಾಯಿಯಲ್ಲಿ. ತಿಂಗಳ ಕೊನೆಗೆ ಮೊತ್ತ ಹಾಕಿ ಚಿಕ್ಕಪ್ಪನ ಸಹಿ, ಅದರ ಕೆಳಗೆ ಮೇಲಧಿಕಾರಿಯ ಸಹಿ. ಅಸ್ಸಾಮಿನ ಕಡೆ ಇದ್ದಾಗ ಸಾಲುಸಾಲಾಗಿ ಒಂದೇ ಕೆಲಸ. ಬೆಟ್ಟದ ಮೇಲಿನ ಸೈನಿಕರಿಗೆ ಅಕ್ಕಿ, ಸೀಮೆಎಣ್ಣೆ, ಔಷಧಿ ಉದುರಿಸಿ ಬರುವುದು. ಹವಾ ಕೆಟ್ಟು ಅರ್ಧ ದಾರಿಯಲ್ಲಿ ತಿರುಗಿದ್ದನ್ನೂ ಮರೆಮಾಚದೆ ಬರೆದಿದ್ದರು. ನಾನು ಮೊತ್ತಗಳನ್ನು ಕೂಡಿ ನೋಡಿದೆ. ಹತ್ತು ತಿಂಗಳು ಕೂಡಿದೆ, ಐದು ನಿಮಿಷದ ತಪ್ಪೂ ಸಿಗಲಿಲ್ಲ. ನಿಜ ಹೇಳುತ್ತೇನೆ, ಸ್ವಲ್ಪ ನಿರಾಸೆಯೇ ಆಯಿತು.

ಮಾರನೆಯ ದಿನ ನೇರವಾಗಿ ಅಜ್ಜಿ ಸತ್ತ ತಾರೀಕಿಗೆ ಹೋದೆ. ಪ್ರತಿ ವರ್ಷ ತಿಥಿ ಮಾಡುವ ನಮಗೆ ಆ ದಿನ ಬಾಯಿಪಾಠ. ತಾಯಿ ಸತ್ತ ಮೇಲೆ ಒಮ್ಮೆ ಊರಿಗೆ ಬಂದಿದ್ದ ಚಿಕ್ಕಪ್ಪ ಅಂಗಳದಲ್ಲೇ ನಿಂತು, "ಡ್ಯೂಟಿ ಇತ್ತು ಅಣ್ಣ," ಎಂದು ಅಷ್ಟೇ ಹೇಳಿ ಹೋಗಿದ್ದರು. ಯಾವ ಡ್ಯೂಟಿ ಎಂದು ಈಗ ನೋಡೋಣ ಎನಿಸಿತು.

ಸತ್ತ ದಿನ, ನಲವತ್ತೈದು ನಿಮಿಷ. ಕೆಲಸದ ಜಾಗದಲ್ಲಿ "ಲೋಕಲ್". ಎಂದರೆ ಅಲ್ಲೇ ಸುತ್ತು ಹಾಕಿ ಇಳಿದದ್ದು. ಮಾರನೆಯ ದಿನ, ಅಪ್ಪ ಬಸ್ಸಿನ ದಾರಿ ಕಾಯುತ್ತಿದ್ದ ಹೊತ್ತಿಗೆ, ಎರಡು ಸಲ ಅಕ್ಕಿ ಉದುರಿಸಿ ಬಂದಿದ್ದಾರೆ. ಮೂರನೆಯ ದಿನ ಹಾರಾಟವೇ ಇಲ್ಲ. ನಾಲ್ಕನೆಯ ದಿನ ಮತ್ತೆ ಲೋಕಲ್. ಯುದ್ಧವಿಲ್ಲ, ಗಡಿಯಲ್ಲಿ ಗಲಾಟೆಯಿಲ್ಲ. ರಜೆ ಕೇಳಿದ್ದರೆ ಖಂಡಿತ ಸಿಗುತ್ತಿತ್ತು. ಸಿಕ್ಕಿಬಿದ್ದೆಯಲ್ಲ ಮಹರಾಯ ಎಂದು ಒಬ್ಬನೇ ಗಟ್ಟಿಯಾಗಿ ಅಂದೆ. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆ ಖುಷಿಗೆ ಕಾರಣವಿತ್ತು. ಎಂಟು ವರ್ಷದ ಹಿಂದೆ ಅಪ್ಪ ಹೋದಾಗ ಚಿಕ್ಕಪ್ಪ ಹಾರ ಹಿಡಿದುಕೊಂಡು ಬಂದಿದ್ದರು. ಶೂ ಬಿಚ್ಚಿ, ಹೊಸ್ತಿಲ ಹತ್ತಿರ ನಿಂತಿದ್ದ ಅವರಿಗೆ ನಾನು ಎಲ್ಲರೆದುರು ಹೇಳಿದ್ದೆ: "ಹೆತ್ತವಳು ಸತ್ತಾಗ ಪುರುಸೊತ್ತು ಇರಲಿಲ್ಲ, ಅಣ್ಣ ಸತ್ತಾಗ ಸಿಕ್ತಾ?" ಅವರು ನನ್ನ ಮುಖ ನೋಡಿದರು. ಹಾರವನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, ಮತ್ತೆ ಶೂ ಹಾಕಿಕೊಂಡರು. ಲೇಸು ಕಟ್ಟಲು ಬಗ್ಗಿದವರಿಗೆ ಏಳುವುದಕ್ಕೆ ಕಷ್ಟವಾಯಿತು, ಯಾರೂ ಕೈ ಕೊಡಲಿಲ್ಲ. ಆ ಮಾತು ಹೆಚ್ಚಾಯಿತೇನೋ ಎಂದು ಆಗಾಗ ಅನಿಸುತ್ತಿತ್ತು. ಈಗ ದಾಖಲೆ ಸಿಕ್ಕಿತಲ್ಲ, ಹೆಚ್ಚಾಗಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಅಮ್ಮನನ್ನು ಕರೆದು ತೋರಿಸಿದೆ. "ನೋಡಮ್ಮ, ಡ್ಯೂಟಿನೂ ಇಲ್ಲ ಗೀಟಿನೂ ಇಲ್ಲ. ಮುಕ್ಕಾಲು ಗಂಟೆ ಸುಮ್ನೆ ಸುತ್ತು ಹಾಕಿದಾನೆ."

ಅಮ್ಮ ಕಡಲೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಸತ್ತೋರ ಪುಸ್ತಕ ಯಾಕಪ್ಪ ಕೆದಕ್ತೀಯ. ಮುಚ್ಚಿಡು," ಎಂದಳು.

ನಲವತ್ತು ವರ್ಷಕ್ಕೂ ಮೇಲೆ ಮೈದುನನನ್ನು ಬೈಯುವ ಮಾತಿಗೆ ಹೂಂಗುಟ್ಟಿಕೊಂಡು ಬಂದವಳು ಸಾಕ್ಷಿ ಸಿಕ್ಕ ದಿನ ಮುಚ್ಚಿಡು ಎನ್ನುತ್ತಾಳೆ. ನನ್ನ ಅನುಮಾನ ಅಲ್ಲಿಂದ ಎದ್ದು ಅಮ್ಮನ ಮೇಲೆ ಹೋಗಿ ಕೂತಿತು.

ಪೂರ್ತಿ ಓದಿ ಎಂದಿದ್ದರಲ್ಲ ಚಿಕ್ಕಮ್ಮ. ಮೊದಲಿಂದ ಶುರುಮಾಡಿದೆ. ಅಜ್ಜಿ ಸಾಯುವುದಕ್ಕೆ ಎರಡು ವರ್ಷ ಹಿಂದಿನ ಒಂದು ಹಾಳೆಯಲ್ಲಿ ಸಾಲುಗಳ ನಡುವೆ ಓರೆಯಾಗಿ ಗೀಟು ಎಳೆದು, ಸಣ್ಣ ಅಕ್ಷರದಲ್ಲಿ, "ಹತ್ತು ದಿನ ರಜೆ. ಅಮ್ಮ ಸೀರಿಯಸ್," ಎಂದು ಬರೆದಿತ್ತು. ತಾರೀಕು ನೋಡಿದೆ. ನನ್ನ ಸೋದರತ್ತೆಯ, ಎಂದರೆ ಅಪ್ಪನ ತಂಗಿಯ ಮದುವೆಯ ವಾರ ಅದು. ಆ ಮದುವೆ ನನಗೆ ಚೆನ್ನಾಗಿ ನೆನಪಿದೆ. ಅಜ್ಜಿ ಸೀರಿಯಸ್ಸಾಗಿರಲಿಲ್ಲ, ಸೊಂಟಕ್ಕೆ ಸೆರಗು ಸಿಕ್ಕಿಸಿ, ಒಬ್ಬಟ್ಟಿಗೆ ಹೂರಣ ಸಾಲಲಿಲ್ಲ ಎಂದು ಅಡಿಗೆಯವರ ಜೊತೆ ಜಗಳಕ್ಕೆ ನಿಂತಿದ್ದಳು. ಚಿಕ್ಕಪ್ಪ ಚಪ್ಪರದಲ್ಲಿ ಓಡಾಡುತ್ತಿದ್ದರು.

ಆರೇಳು ತಿಂಗಳ ನಂತರ ಇನ್ನೊಂದು ಗೀಟು. ಮತ್ತೆ, "ರಜೆ. ಅಮ್ಮ ಸೀರಿಯಸ್." ಈ ಸಲ ಪಕ್ಕದಲ್ಲಿ ಒಂದು ಆಶ್ಚರ್ಯದ ಗುರುತು. ಇದೂ ನೆನಪಿಗೆ ಬಂತು. ಶಿಡ್ಲಘಟ್ಟದ ಹತ್ತಿರ ಮೇಲೂರಿನಲ್ಲಿ ಚಿಕ್ಕಪ್ಪನಿಗೆ ಹೆಣ್ಣು ನೋಡಲು ಹೋಗಿದ್ದೆವು. ಅಜ್ಜಿಯೇ ಮುಂದೆ ನಿಂತು ಹುಡುಗಿಯ ಜಡೆ ಮುಟ್ಟಿ ನೋಡಿದ್ದಳು. ಚಿಕ್ಕಪ್ಪ ಒಪ್ಪಲಿಲ್ಲ, ಮೂರೇ ದಿನಕ್ಕೆ ವಾಪಸು ಹೋದರು.

ಹಾಗಾದರೆ ಈ ಮನುಷ್ಯ ಬದುಕಿರುವ ತಾಯಿಯ ಹೆಸರಿನಲ್ಲಿ ಮೇಲಧಿಕಾರಿಗೆ ಸುಳ್ಳು ಹೇಳಿ ರಜೆ ಹೊಡೆಯುವ ಪೈಕಿ! ಅಂಥವನು ತಾಯಿ ನಿಜವಾಗಿ ಸತ್ತಾಗ ಬಾರದೇ ಇದ್ದದ್ದರಲ್ಲಿ ಏನು ಆಶ್ಚರ್ಯ ಎಂದುಕೊಂಡೆ. ಪುಸ್ತಕ ಮುಚ್ಚುವಾಗ ಹಿಂದಿನ ರಟ್ಟು ಮುಂದಿನದಕ್ಕಿಂತ ಸ್ವಲ್ಪ ದಪ್ಪ ಅನಿಸಿತು. ಒಳಗೆ ಕಾಗದದ ಒಂದು ಜೇಬು ಅಂಟಿಸಿತ್ತು. ಅದರಲ್ಲಿ ಮಡಿಸಿದ ಮೂರು ತಂತಿ.

ಮೂರೂ ಚಿಂತಾಮಣಿಯಿಂದ ಹೋದವು. ಮೂರರ ಕೆಳಗೂ ನಮ್ಮಪ್ಪನ ಹೆಸರು. ಮೂರರಲ್ಲೂ ಇಂಗ್ಲಿಷಿನಲ್ಲಿ ಒಂದೇ ಒಕ್ಕಣೆ: ಅಮ್ಮ ಸೀರಿಯಸ್, ಕೂಡಲೇ ಹೊರಡು.

ಮೊದಲನೆಯದು ಅತ್ತೆಯ ಮದುವೆಯ ವಾರದ್ದು. ಎರಡನೆಯದು ಮೇಲೂರಿನ ಹೆಣ್ಣಿನ ವಾರದ್ದು. ಮೂರನೆಯದು ಅಜ್ಜಿ ಸತ್ತ ದಿನ ಕೊಟ್ಟದ್ದು. ಆ ಮೂರನೆಯದರ ಅಂಚಿನಲ್ಲಿ ಪೆನ್ಸಿಲಿನಲ್ಲಿ, ಕನ್ನಡದಲ್ಲಿ, ಚಿಕ್ಕಪ್ಪ ಒಂದೇ ಪದ ಬರೆದಿದ್ದರು. "ಗೌರಿಬಿದನೂರು?"

ಅಮ್ಮ ಇನ್ನೂ ಕಡಲೆಕಾಯಿಯ ಮುಂದೆಯೇ ಕೂತಿದ್ದಳು. ಮೂರನ್ನೂ ಮೊರದ ಮೇಲೆ ಇಟ್ಟೆ. "ಗೌರಿಬಿದನೂರು ಅಂದ್ರೆ ಏನಮ್ಮ?"

ಅವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆ ಕಾಗದದ ಬಣ್ಣ ನೋಡಿಯೇ ಗೊತ್ತಾಯಿತು. "ಅಯ್ಯೋ ದೇವುಡಾ, ಇವನ್ನ ಇಟ್ಕೊಂಡಿದ್ನಾ," ಎಂದಳು. ಅಮ್ಮ ಆಂಧ್ರದ ಗಡಿಯ ನಗರಗೆರೆ ಕಡೆಯವಳು, ಗಾಬರಿಯಾದರೆ ಬಾಯಲ್ಲಿ ತೆಲುಗು ಬರುತ್ತದೆ.

"ಹೇಳಮ್ಮ."

"ಏನ್ ಹೇಳ್ಲಿ? ಆಗೆಲ್ಲ ಹಾಗೇನೇ ಕಣಪ್ಪ. ಮಿಲಿಟ್ರಿನಲ್ಲಿ ಇರೋರಿಗೆ ಮದುವೆ ಅಂದ್ರೆ ಲೀವು ಕೊಡ್ತಿರ್ಲಿಲ್ಲ. ತಾಯಿ ಸೀರಿಯಸ್ ಅಂತ ತಂತಿ ತೋರ್ಸಿದ್ರೆ ಕೊಡ್ತಿದ್ರು. ಯಾರ್ ಮನೆನಲ್ಲಿ ಮಿಲಿಟ್ರಿನೋರು ಇದ್ರೋ ಅವರೆಲ್ಲ ಹಾಗೇ ಕೊಡ್ತಿದ್ರು. ಮದುವೆಗೆ ನಿಮ್ಮಪ್ಪ ಕೊಟ್ರು, ಅವನು ನಗ್ತಾನೇ ಬಂದ. ಮೇಲೂರಿನ ಹೆಣ್ಣಿಗೂ ಕೊಟ್ರು. ಆವಾಗ ಸಿಟ್ಟು ಮಾಡ್ಕೊಂಡ. ನಾನು ಓಡೋಡಿ ಬಂದ್ರೆ ಇಲ್ಲಿ ಜಡೆ ಅಳೀತಾ ಇದೀರ ಅಂದ."

"ಗೌರಿಬಿದನೂರು?"

"ನಮ್ ತವರ ಕಡೆ, ಗೌರಿಬಿದನೂರಲ್ಲಿ ಒಂದು ಹೆಣ್ಣಿತ್ತು. ನಾನೇ ತೋರ್ಸಿದ್ದು. ಲೀವು ಹಾಕಿ ಬಾ ಅಂತ ನಿಮ್ಮಪ್ಪ ಎರಡು ಕಾಗದ ಬರೆದ್ರು. ಅವನು ಬರಲ್ಲ ಅಂತ ಬರೆದ. ಅಷ್ಟರಲ್ಲಿ ನಮ್ಮತ್ತೆ, ನಿಮ್ಮಜ್ಜಿ, ಹೋಗ್ಬಿಟ್ರು. ಒಂದೇ ಬೆಳಿಗ್ಗೆ, ಎದೆ ಅಂತ ಹಿಡ್ಕೊಂಡ್ರು, ಅಷ್ಟೇ."

"ಸತ್ತುಹೋದ್ರು ಅಂತ ಯಾಕೆ ತಂತಿ ಕೊಡ್ಲಿಲ್ಲ? ಸತ್ತ ಮೇಲೂ ಸೀರಿಯಸ್ ಅಂತಾನೇ ಕೊಟ್ಟಿದಾರಲ್ಲ?"

ಅಮ್ಮ ನನ್ನನ್ನು ಏನೂ ತಿಳಿಯದವನನ್ನು ನೋಡುವ ಹಾಗೆ ನೋಡಿದಳು. "ಸತ್ರು ಅಂತ ತಂತಿನಲ್ಲಿ ಬರೀತಾರೇನಪ್ಪ? ಅಷ್ಟು ದೂರದಿಂದ ಒಬ್ನೇ ಬರೋನು, ದಾರಿನಲ್ಲಿ ಏನಾದ್ರೂ ಮಾಡ್ಕೊಂಡ್ರೆ? ಸೀರಿಯಸ್ ಅಂತಾನೇ ಕೊಡೋದು. ಬಂದು ನೋಡಿದ ಮೇಲೆ ತಾನೇ ಗೊತ್ತಾಗ್ತದೆ."

ನಾನು ಜಗುಲಿಯ ಮೇಲೆ ಕೂತುಬಿಟ್ಟೆ. ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಸಾವಿನ ಸುದ್ದಿಯನ್ನು ಹಾಗೆ ಮೆತ್ತಗೆ ಮಾಡಿ ಹೇಳುವುದು ನಮ್ಮ ಜನರ ಕರುಣೆ, ಇವತ್ತಿಗೂ ಫೋನಿನಲ್ಲಿ ಹಾಗೇ ಹೇಳುತ್ತೇವೆ. ಮದುವೆಗೆ ಬಾ ಎನ್ನುವುದಕ್ಕೂ ಅದೇ ಒಕ್ಕಣೆ, ಹೆಣ್ಣು ನೋಡು ಎನ್ನುವುದಕ್ಕೂ ಅದೇ ಒಕ್ಕಣೆ, ತಾಯಿ ಸತ್ತಳು ಎನ್ನುವುದಕ್ಕೂ ಅದೇ. ಅಲ್ಲಿ ಅಸ್ಸಾಮಿನಲ್ಲಿ ಆ ತಂತಿ ಕೈಗೆ ಬಂದಾಗ ಆತ ಏನು ತಿಳಿದುಕೊಳ್ಳಬೇಕಿತ್ತು? ಮೂರನೆಯ ಹೆಣ್ಣು ಎಂದು ತಿಳಿದುಕೊಂಡ. ಅಂಚಿನಲ್ಲಿ ಊರಿನ ಹೆಸರು ಗೀಚಿ, ಜೇಬಿಗೆ ಹಾಕಿಕೊಂಡು, ನಲವತ್ತೈದು ನಿಮಿಷ ಸುತ್ತು ಹಾಕಲು ಹೋದ.

ಮತ್ತೆ ಪುಸ್ತಕ ತೆಗೆದೆ. ಸತ್ತ ದಿನದಿಂದ ಹನ್ನೆರಡು ದಿನ ಹಾರಾಟಗಳು ಎಂದಿನಂತೆ ಇವೆ. ಹದಿಮೂರನೆಯ ದಿನದಿಂದ ಖಾಲಿ. ಗೀಟಿಲ್ಲ, ರಜೆ ಎಂಬ ಮಾತಿಲ್ಲ, ಅಮ್ಮ ಎಂಬ ಮಾತೂ ಇಲ್ಲ. ತಿಥಿಯ ಕಾಗದ ಅಂಚೆಯಲ್ಲಿ ತಲುಪಿದ್ದು ಆ ದಿನವೇ ಇರಬೇಕು. ಐದು ವಾರದ ನಂತರ ಸಾಲುಗಳು ಮತ್ತೆ ಶುರುವಾಗುತ್ತವೆ, ಆದರೆ ಮೊದಲ ಆರು ಹಾರಾಟಗಳಲ್ಲಿ "ಸೆಲ್ಫ್" ಇಲ್ಲ. ನಡೆಸಿದವರ ಜಾಗದಲ್ಲಿ ಬೇರೆಯವರ ಹೆಸರು, ಚಿಕ್ಕಪ್ಪ ಪಕ್ಕದ ಸೀಟಿನಲ್ಲಿ. ಆರು ವರ್ಷ ಬೆಟ್ಟಗಳ ನಡುವೆ ತಾನೇ ದಾರಿ ಹುಡುಕುತ್ತಿದ್ದ ಪೈಲಟ್‌ನ ಕೈಗೆ ವಿಮಾನ ಕೊಡಲು ಮೇಲಧಿಕಾರಿಗಳಿಗೆ ಧೈರ್ಯ ಬಂದಿರಲಿಲ್ಲ. ಮೊದಲ ಸಲ ಆ ಹಾಳೆ ನೋಡಿದಾಗ ನಾನು ಇದನ್ನೂ ನೋಡಿದ್ದೆ. ಕೆಲಸಗಳ್ಳ ಎಂದು ಮುಂದೆ ಹೋಗಿದ್ದೆ.

"ಅಪ್ಪನಿಗೆ ಗೊತ್ತಿತ್ತಾ?" ಎಂದು ಕೇಳಿದೆ. ಕೇಳಬಾರದಿತ್ತು, ಆದರೆ ಕೇಳದೆ ಇರುವ ಮನುಷ್ಯ ನಾನಲ್ಲ.

ಅಮ್ಮ ತಂತಿಗಳನ್ನು ಒಂದರ ಮೇಲೊಂದು ಜೋಡಿಸಿ ಮೊರದಿಂದ ಕೆಳಗಿಟ್ಟಳು. "ಅವನು ಬಂದು ಅಂಗಳದಲ್ಲಿ ನಿಂತ್ಕೊಂಡಾಗಲೇ ಗೊತ್ತಾಯ್ತು. ಡ್ಯೂಟಿ ಇತ್ತು ಅಂದ ನೋಡು, ಅವಾಗ ನಿಮ್ಮಪ್ಪನ ಮುಖ ನಾನು ನೋಡಿದೆ. ಅವನು ತಂತಿ ವಿಷಯ ಬಾಯಿ ಬಿಟ್ಟಿದ್ರೆ ಊರೋರೆಲ್ಲ ನಿಮ್ಮಪ್ಪಂಗೆ ಉಗೀತಿದ್ರು. ಬಾಯಿ ಬಿಡ್ಲಿಲ್ಲ. ನಿಮ್ಮಪ್ಪನೂ ಬಿಡ್ಲಿಲ್ಲ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತಾನೇ ಹೋಗ್ಬಿಟ್ರು. ನಾನೂ ಬಿಡ್ಲಿಲ್ಲ. ಹೆಣ್ಣು ತೋರ್ಸಿದ್ದು ನಾನಲ್ವಾ."

ಅಪ್ಪನ ಮೇಲೆ ನನಗೆ ಬಂದ ಸಿಟ್ಟನ್ನು ಹೇಗೆ ಬರೆಯಲಿ ಗೊತ್ತಿಲ್ಲ. ಎದುರಿಗೆ ಇದ್ದಿದ್ದರೆ ಖಂಡಿತ ಕೂಗಾಡುತ್ತಿದ್ದೆ. ಆದರೆ ಅಪ್ಪ ಯಾರ ಮುಂದೆಯೂ ತಮ್ಮನನ್ನು ಹೊಸ್ತಿಲ ಹತ್ತಿರ ನಿಲ್ಲಿಸಿ ಪುರುಸೊತ್ತು ಸಿಕ್ತಾ ಎಂದು ಕೇಳಿರಲಿಲ್ಲ. ಅದು ನಾನು. ಕಂಡಕಂಡ ದಾಖಲೆಯನ್ನೆಲ್ಲ ಬಿಸಿಲಿಗೆ ಹಿಡಿದು ನೋಡಿದವನು, ನಮ್ಮ ಮನೆಯ ಒಂದು ಮಾತನ್ನು ಮಾತ್ರ ಎಂದೂ ಹಿಡಿದು ನೋಡಿರಲಿಲ್ಲ. ನಾಚಿಕೆಯಾಯಿತು. ಆ ವಯಸ್ಸಾದ ಮನುಷ್ಯನಿಗೆ ಒಂದು ವಾಕ್ಯ ಸಾಕಿತ್ತು ನನ್ನ ಬಾಯಿ ಮುಚ್ಚಿಸಲು. ಅಣ್ಣನ ಹೆಣದ ಮುಂದೆ ಅದನ್ನು ಹೇಳದೆ ಶೂ ಹಾಕಿಕೊಂಡು ಹೋದರು.

ಚಿಕ್ಕಮ್ಮನಿಗೆ ಫೋನ್ ಮಾಡಿದೆ. "ಓದಿದೆ," ಎಂದೆ.

"ಹಿಂದಿನ ರಟ್ಟು?"

"ಅದನ್ನೂ ನೋಡಿದೆ." "ನಂದು ತಪ್ಪಾಯ್ತು ಚಿಕ್ಕಮ್ಮ. ಆವತ್ತು ಬಾಗಿಲಲ್ಲಿ ಹಾಗೆ ಅನ್ನಬಾರದಿತ್ತು. ಆದ್ರೆ ನೀವಾದ್ರೂ ಬಾಯಿಬಿಟ್ಟು ಹೇಳಬಹುದಿತ್ತಲ್ಲ?"

"ನಾನು ಹೇಳಿದ್ದರೆ ನೀವು ನಂಬ್ತಾ ಇದ್ರಾ?" ಎಂದರು. ಚುಚ್ಚಿ ಹೇಳಿದ್ದಲ್ಲ, ಕೇಳಿದ್ದು. "ಅಣ್ಣನ ಮರ್ಯಾದೆ ಹೋಗ್ತದೆ ಅಂತ ಅವರು ಹೇಳ್ಲಿಕ್ಕೆ ಬಿಡ್ಲಿಲ್ಲ. ಈಗ ಇಬ್ಬರೂ ಇಲ್ಲ. ಅದಕ್ಕೆ ಬಂದೆ."

"ಅಮಾವಾಸ್ಯೆ ದಿನ ಬನ್ನಿ. ಅವರಿಗೆ ಏನು ಇಷ್ಟ ಅಂತ ಹೇಳಿ, ಮಾಡಿಸ್ತೀನಿ."

"ಹುರುಳಿಕಾಳಿನ ಬಸ್ಸಾರು," ಎಂದರು. "ನನಗೆ ಎಷ್ಟು ಸಲ ಮಾಡಿದರೂ ನಿಮ್ಮ ಊರಿನ ಹಾಗೆ ಬರಲೇ ಇಲ್ಲ."

ಅಮಾವಾಸ್ಯೆಯ ಮಧ್ಯಾಹ್ನ ನಡುಮನೆಯಲ್ಲಿ ಬಾಳೆಲೆ ಹಾಸಿ, ಅಪ್ಪ, ಅಜ್ಜ, ಅಜ್ಜಿ, ಸಾಲಾಗಿ ಎಡೆ ಇಟ್ಟೆವು. ಅಜ್ಜಿಯ ಇನ್ನೊಂದು ಪಕ್ಕಕ್ಕೆ, ಅಜ್ಜಿಗೆ ಅಂಟಿಕೊಂಡೇ, ನಾಲ್ಕನೆಯ ಎಲೆ. ಮುದ್ದೆ, ಬಸ್ಸಾರು, ವಡೆ, ಒಬ್ಬಟ್ಟು, ಹೊಸ ಪಂಚೆ, ವೀಳ್ಯ. ಸಾಂಬ್ರಾಣಿ ಹಾಕಿದೆ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದುಕೊಂಡೆವು. ಹಿರಿಯರು ಬಂದು ಉಣ್ಣುವ ಹೊತ್ತು ಒಳಗೆ ಯಾರೂ ಇರಬಾರದು. ಮನೆಗೆ ಹಿರಿಯರಾದವರು ಬಾಗಿಲ ಹೊರಗೆ ನಿಂತು ಹೋದವರನ್ನು ಒಬ್ಬೊಬ್ಬರಾಗಿ ಕೂಗಿ ಕರೆಯಬೇಕು. ನಮ್ಮಲ್ಲಿ ಈಗ ಆ ಕೆಲಸ ಅಮ್ಮನದು.

ಅಮ್ಮ ಮಾವನನ್ನು ಕರೆದಳು, ಅತ್ತೆಯನ್ನು ಕರೆದಳು. ಅಪ್ಪನನ್ನು ಕರೆದಳು. ಮೈದುನನ ಸರದಿ ಬಂತು. ಕದದ ಮೇಲೆ ಅಂಗೈ ಊರಿ ನಿಂತಳು. ಚಿಕ್ಕಮ್ಮ ಹೋಗಿ ಅವಳ ಇನ್ನೊಂದು ಕೈ ಹಿಡಿದುಕೊಂಡರು.

ಆಮೇಲೆ ಅಮ್ಮ ಬಾಗಿಲಿಗೆ ಬಾಯಿ ಹತ್ತಿರ ತಂದು ಹೇಳಿದಳು: "ಬಾರಪ್ಪ. ಯಾವ ಹೆಣ್ಣೂ ಇಲ್ಲ. ಈ ಸಲ ನಿಮ್ಮಮ್ಮ ನಿಜವಾಗ್ಲೂ ಇಲ್ಲೇ ಇದಾರೆ, ಬಾ."